ನಕ್ಷೆಗೆ ಮುನ್ನ ನಡಿಗೆ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಾನು ಕೃಷಿ ವಿಜ್ಞಾನ ಓದಿದವನು. ರಸ್ತೆ ನಿರ್ಮಾಣ ನನ್ನ ಶಾಸ್ತ್ರವಲ್ಲ. ಆದರೂ ಈ ವಿಷಯವಾಗಿ ಮಾತನಾಡಲು ಒಪ್ಪಿದ್ದೇನೆ. ಏಕೆಂದರೆ ನಮ್ಮ ಸೀಮೆಯಲ್ಲಿ ರಸ್ತೆಯೆಂಬುದು ಮೊದಲು ಮಣ್ಣಿನ ಪ್ರಶ್ನೆ, ಅನಂತರ ನೀರಿನ ಪ್ರಶ್ನೆ. ಡಾಂಬರಿನ ಮಾತು ಬರುವುದು ಕೊನೆಗೆ.

2024ರ ಜುಲೈ 16ರಂದು, ಪುನರ್ವಸು ಮಳೆಯ ದಿನಗಳಲ್ಲಿ, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಕುಸಿದದ್ದು ತಮಗೆಲ್ಲ ನೆನಪಿದೆ. ರಸ್ತೆಬದಿಯ ಚಹಾದಂಗಡಿಯ ಕುಟುಂಬವೂ ಲಾರಿ ಚಾಲಕರೂ ಮಣ್ಣುಪಾಲಾದರು. ಮಣ್ಣು ಗಂಗಾವಳಿ ನದಿಗೆ ನುಗ್ಗಿದಾಗ ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಬಿಡಲಿಲ್ಲ. ಹೆದ್ದಾರಿಯ ಅಗಲೀಕರಣಕ್ಕಾಗಿ ಆ ಗುಡ್ಡದ ಬುಡವನ್ನು ಕಡಿಯಲಾಗಿತ್ತು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದಾಗಲೂ, ರಸ್ತೆಗಾಗಿ ಮನೆಗಾಗಿ ಇಳಿಜಾರನ್ನು ಕತ್ತರಿಸಿದ್ದು ಒಂದು ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಹೇಳಿತು. ಮಳೆ ವಿಪರೀತವಾಗಿತ್ತು, ನಿಜ. ಆದರೆ ಮಳೆಯೊಂದರ ಮೇಲೆಯೇ ತಪ್ಪು ಹೊರಿಸುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ.

ಇದರ ಮರ್ಮವನ್ನು ವಿದ್ಯಾರ್ಥಿಗಳು ಗಮನಿಸಬೇಕು. ನಮ್ಮಲ್ಲಿ ಅನೇಕ ಕಡೆ ಮೇಲೆ ಜಂಬಿಟ್ಟಿಗೆಯ ಪದರವಿದ್ದು, ಅದರಡಿಯಲ್ಲಿ ಶೇಡಿ ಮಣ್ಣು ಇರುತ್ತದೆ. ಮೇಲಿನ ಪದರ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ; ಶೇಡಿ ಅದನ್ನು ಬೇಗ ಮುಂದಕ್ಕೆ ಬಿಡುವುದಿಲ್ಲ. ಒಣಗಿದಾಗ ಗೋಡೆಯಂತೆ ನಿಲ್ಲುವ ಈ ಮಣ್ಣು ನೆನೆದಾಗ ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ನೆಟ್ಟಗೆ ಕಡಿದ ಧರೆಯನ್ನು ನೋಡಿ, ಗಟ್ಟಿಯಾಗಿದೆ ಎಂದು ನಂಬುವುದು ಇಲ್ಲಿಯೇ ತಪ್ಪುತ್ತದೆ. ಅಡಿಕೆ ತೋಟ ಮಾಡುವವನು ಬಸಿಗಾಲುವೆಯನ್ನು ಯೋಚಿಸದೆ ಒಂದು ಸಸಿಯನ್ನೂ ನೆಡುವುದಿಲ್ಲ. ರಸ್ತೆಗೆ ಮಾತ್ರ ಚರಂಡಿ, ಮೋರಿಗಳು ಹಣ ಉಳಿದರೆ ಮಾಡುವ ಕೆಲಸವಾಗಿವೆ!

ನಮ್ಮೂರಿನ ರಸ್ತೆಯನ್ನು ಅಗಲಗೊಳಿಸಿದಾಗ ಅಳತೆಗೆ ಬಂದವರು ಮಾರ್ಚ್ ತಿಂಗಳಲ್ಲಿ ಬಂದಿದ್ದರು. ತಿರುವಿನ ಮೇಲ್ಗಡೆ ವಾಸವಿದ್ದ ಅಜ್ಜಿಯೊಬ್ಬರಿಗೆ ಆಷಾಢದಲ್ಲಿ ಆ ಜಾಗದಲ್ಲಿ ಒರತೆ ಏಳುವುದು ಗೊತ್ತಿತ್ತು. ಅವರನ್ನು ಯಾರೂ ಕೇಳಲಿಲ್ಲ. ಓದಿದವನಾದ ನಾನೂ ಕೇಳಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಎರಡನೆಯ ಮಳೆಗಾಲಕ್ಕೆ ಅಲ್ಲಿಯೇ ಧರೆ ಜಾರಿತು. ಶಾಲೆಯ ಮಕ್ಕಳನ್ನು ಇಳಿಸಿದ ವಾಹನ ಆಗತಾನೆ ಆ ತಿರುವನ್ನು ದಾಟಿ ಹೋಗಿತ್ತು. "ಕೇಳಿದ್ದರೆ ಹೇಳ್ತಿದ್ದೆ ತಮ್ಮಾ" ಎಂದಷ್ಟೇ ಅಜ್ಜಿ ಹೇಳಿದರು.

ಇಷ್ಟು ಹೇಳಿದೊಡನೆ, ಪರಿಸರದವರು ರಸ್ತೆಗೆ ವಿರೋಧಿಗಳು ಎಂಬ ಮಾತು ಬರುತ್ತದೆ. ಬಸುರಿಯನ್ನು ಜೋಲಿಯಲ್ಲಿ ಹೊತ್ತು ಸಂಕ ದಾಟಿಸಿದವರ ನಡುವೆ ಬದುಕುವ ಯಾರೂ ರಸ್ತೆ ಬೇಡವೆನ್ನಲಾರರು. ಯಾವ ರಸ್ತೆ, ಎಲ್ಲಿ, ಹೇಗೆ ಎಂಬ ಮಾತಿನಲ್ಲಿ ನಾವೂ ಇರಬೇಕೆಂಬುದಷ್ಟೇ ನಮ್ಮ ಕೋರಿಕೆ.

ಹೆದ್ದಾರಿಯ ತೀರ್ಮಾನಗಳು ನಮ್ಮ ಕೈಗೆ ದೂರ. ಊರಿನ ರಸ್ತೆ ಹಾಗಲ್ಲ. 2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ನಿಯಮಗಳಲ್ಲಿಯೇ, ರಸ್ತೆಯ ಜಾಡನ್ನು ಅಂತಿಮಗೊಳಿಸುವ ಮುನ್ನ ಎಂಜಿನಿಯರರು ಪಂಚಾಯಿತಿಯವರೊಡನೆ, ಕಂದಾಯ ಮತ್ತು ಅರಣ್ಯ ಇಲಾಖೆಯವರೊಡನೆ ಆ ಜಾಡಿನುದ್ದಕ್ಕೂ ನಡೆದು ನೋಡಬೇಕೆಂದಿದೆ. ಊರವರ ಮಾತನ್ನು ಕೇಳಿ ದಾಖಲಿಸಬೇಕಾದದ್ದು ಆಗಲೇ. ಇನ್ನೊಂದು ಸಂಗತಿಯೂ ಉಂಟು. ಈ ಯೋಜನೆಯಲ್ಲಿ ಭೂಸ್ವಾಧೀನಕ್ಕೆಂದು ಹಣವಿಲ್ಲ. ಬೇಕಾದ ಜಾಗವನ್ನು ಅನೇಕ ಕಡೆ ನಾವೇ ಬಿಟ್ಟುಕೊಡುತ್ತೇವೆ. ಜಾಗ ಕೊಟ್ಟವನಿಗೆ ನಕ್ಷೆಯನ್ನು ನೋಡುವ ಹಕ್ಕಿಲ್ಲವೇ? ಕಾಮಗಾರಿ ಮುಗಿದ ಮೇಲೆ 5 ವರ್ಷ ನಿರ್ವಹಣೆಯ ಹೊಣೆ ಗುತ್ತಿಗೆದಾರರದು. ಮಳೆಗಾಲಕ್ಕೆ ಮುನ್ನ ಮುಚ್ಚಿದ ಮೋರಿಯನ್ನು ತೆರೆಸುವಂತೆ ಕೇಳಲು ನಾವು ಸಂಕೋಚಪಡಬೇಕಾಗಿಲ್ಲ. ಯೋಜನೆಯ ನಾಲ್ಕನೇ ಹಂತಕ್ಕೆ 2024ರಲ್ಲಿ ಒಪ್ಪಿಗೆ ದೊರೆತಿರುವುದರಿಂದ, ಈ ನಡಿಗೆಯ ನಿಯಮವನ್ನು ತಿಳಿದಿಟ್ಟುಕೊಳ್ಳುವುದು ಒಳ್ಳೆಯದು.

ಆದರೆ ಆ ನಡಿಗೆ ನಾಲ್ಕು ಗಂಡಸರು ಸಹಿ ಹಾಕಿ ಮುಗಿಸುವ ಕೆಲಸವಾಗಬಾರದು. ಮಕ್ಕಳು ಎಲ್ಲಿ ರಸ್ತೆ ದಾಟುತ್ತಾರೆ, ಬಸ್ಸಿಗಾಗಿ ಯಾವ ತಿರುವಿನಲ್ಲಿ ನಿಲ್ಲುತ್ತಾರೆ ಎಂಬುದು ತಾಯಂದಿರಿಗೆ ಗೊತ್ತು. ದನಗಳ ದಾರಿ ಮೇಯಿಸುವವರಿಗೆ ಗೊತ್ತು. ರಸ್ತೆ ನುಣುಪಾದೊಡನೆ ವಾಹನಗಳ ವೇಗ ಏರುತ್ತದೆ. ಅಂಚಿನಲ್ಲಿ ನಡೆಯುವವರಿಗೆ ಚರಂಡಿಯ ಹೊರತು ಬೇರೆ ಜಾಗವೇ ಇಲ್ಲದಂತಾಗುತ್ತದೆ.

ಆದ್ದರಿಂದ ಒಂದು ಕೆಲಸ ಮಾಡೋಣ. ಬರುವ ಪುಷ್ಯ ಮಳೆಯಲ್ಲಿ, ಕೊಡೆ ಕಂಬಳಿಗಳೊಡನೆ, ಶಾಲೆಯಿಂದ ಹೊಳೆಯವರೆಗೆ ಎಲ್ಲರೂ ನಡೆಯೋಣ. ನೀರು ಎಲ್ಲಿ ರಸ್ತೆಗೆ ಇಳಿಯುತ್ತದೆ, ಧರೆಯ ಮೇಲೆ ಎಲ್ಲಿ ಬಿರುಕಿದೆ, ಯಾವ ಮರ ಹೊಸದಾಗಿ ವಾಲಿದೆ ಎಂಬುದನ್ನು ವಿದ್ಯಾರ್ಥಿಗಳು ಗುರುತಿಸಿ ಬರೆದುಕೊಳ್ಳಲಿ. ಬಿರುಕು ಕಂಡಲ್ಲಿ ಧರೆಯ ಬುಡಕ್ಕೆ ಹೋಗದೆ ದೂರದಿಂದಲೇ ನೋಡಿರಿ. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ, ನಡಾವಳಿಯಲ್ಲಿ ಸೇರಿಸಿ, ಅದರ ಪ್ರತಿಯನ್ನು ಎಂಜಿನಿಯರರ ಕೈಗೆ ಕೊಡೋಣ. ತಿರುವಿನ ಮನೆಯ ಅಜ್ಜಿಯೂ ಬರುವುದಾಗಿ ಹೇಳಿದ್ದಾರೆ. ಅವರನ್ನು ಕರೆತರುವ ಜವಾಬ್ದಾರಿ ನನ್ನದು.