ವೈದ್ಯ ಕಾಲೇಜಿನ ಹೊಸ್ತಿಲಲ್ಲಿ ಒಂದು ವರ್ಷ

ನಮ್ಮಲ್ಲಿ ಹನ್ನೆರಡನೆಯ ತರಗತಿ ಮುಗಿಸಿ ನೀಟ್ ಪರೀಕ್ಷೆಯಲ್ಲಿ ತಕ್ಕ ಸ್ಥಾನ ಪಡೆದವರು ನೇರವಾಗಿ ಎಂ.ಬಿ.ಬಿ.ಎಸ್. ತರಗತಿಗೆ ಹೋಗುತ್ತಾರೆ. ಅಮೆರಿಕದಲ್ಲಿ ಕ್ರಮವೇ ಬೇರೆ. ಅಲ್ಲಿ ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷದ ಪದವಿ, ಬಳಿಕ ಎಂಕ್ಯಾಟ್ ಎಂಬ ಪರೀಕ್ಷೆ, ಆಮೇಲೆ ವೈದ್ಯ ಕಾಲೇಜಿಗೆ ಅರ್ಜಿ. ಪದವಿಯ ಮೊದಲ ವರ್ಷಗಳಲ್ಲಿ ರಸಾಯನಶಾಸ್ತ್ರದಲ್ಲಿ ಜಾರಿದವನಿಗೆ ಆ ಅಂಕಗಳು ಅರ್ಜಿಯವರೆಗೂ ನೆರಳಿನಂತೆ ಹಿಂಬಾಲಿಸುತ್ತವೆ.

ಇಂಥವರಿಗಾಗಿ ಅಲ್ಲಿ ಒಂದು ಏರ್ಪಾಡುಂಟು. ಅದಕ್ಕೆ ಸ್ಪೆಷಲ್ ಮಾಸ್ಟರ್ಸ್ ಎಂದು ಹೆಸರು. ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯವು 1975ರಲ್ಲಿ ಶರೀರಕ್ರಿಯಾಶಾಸ್ತ್ರದಲ್ಲಿ ಇದನ್ನು ತೊಡಗಿಸಿತು. ಅನಂತರ ಬೇರೆ ಕಡೆಗಳಲ್ಲೂ ಬಂತು. ಇಂಥ ಹಲವು ತರಗತಿಗಳಲ್ಲಿ ವಿದ್ಯಾರ್ಥಿಯು ಮೊದಲ ವರ್ಷದ ವೈದ್ಯವಿದ್ಯಾರ್ಥಿಗಳ ಪಾಠಗಳನ್ನೇ ಓದಿ, ಅವರ ಪರೀಕ್ಷೆಗಳನ್ನೇ ಬರೆಯುತ್ತಾನೆ. ಅವನನ್ನು ಅಳೆಯುವುದು ಅವರ ಅಳತೆಗೋಲಿನಿಂದಲೇ. ಒಳಗೆ ಬರುವ ಮುನ್ನವೇ ಒಳಗಿನವರ ಪಂಕ್ತಿಯಲ್ಲಿ ಕುಳಿತಂತೆ!

ಇದು ಹಳೆಯ ಅಂಕಗಳನ್ನು ಅಳಿಸುವುದಿಲ್ಲ. ಅರ್ಜಿಯಲ್ಲಿ ಪದವಿಯ ಸರಾಸರಿ ಬೇರೆ, ಈ ವರ್ಷದ ಸರಾಸರಿ ಬೇರೆ. ಹೊಸ ಸಾಕ್ಷ್ಯವು ಹಳೆಯದರ ಪಕ್ಕದಲ್ಲಿ ನಿಲ್ಲುತ್ತದೆ, ಅಷ್ಟೆ. ಶುಲ್ಕವೂ ಹಗುರವಲ್ಲ, ಬಹುಮಂದಿ ಸಾಲ ಮಾಡುತ್ತಾರೆ. ಚೆನ್ನಾಗಿ ಓದಿದರೂ ಸೀಟು ಸಿಕ್ಕೇ ಸಿಗುವುದೆಂಬ ಭರವಸೆಯಿಲ್ಲ. ಇಲ್ಲಿಯೂ ಎಡವಿದರಂತೂ, ಕಠಿಣ ಪಾಠವನ್ನು ಈತ ತಡೆಯಲಾರನೆಂದು ತಾನೇ ರುಜು ಹಾಕಿ ಕೊಟ್ಟಂತಾಗುತ್ತದೆ. ಆದ್ದರಿಂದ ಹಿಂದೆ ಜಾರಿದ್ದೇಕೆಂಬುದು ತಿಳಿಯುವ ಮೊದಲು ಇದಕ್ಕೆ ಸೇರುವುದು ಜಾಣತನವಲ್ಲ. ಅನಾರೋಗ್ಯವೋ, ಮನೆಯ ತೊಂದರೆಯೋ, ಓದುವ ರೀತಿಯೇ ತಪ್ಪೋ?

ಓದುವ ರೀತಿಯ ವಿಷಯ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಟಿಪ್ಪಣಿಗೆ ಬಣ್ಣ ಹಚ್ಚಿ ಹತ್ತು ಸಲ ತಿರುವಿಹಾಕುವವರು ಈ ತರಗತಿಯಲ್ಲಿ ಬೇಗ ಹಿಂದೆ ಬೀಳುತ್ತಾರೆ. ಒಂದು ಉದಾಹರಣೆ: ಗಾಯದಿಂದ ರಕ್ತ ಹೋಯಿತೆನ್ನಿ. ರಕ್ತದ ಒತ್ತಡ ಇಳಿಯುತ್ತದೆ. ಕುತ್ತಿಗೆಯ ಧಮನಿಯಲ್ಲಿರುವ ನರತುದಿಗಳು ಅದನ್ನು ಅರಿತು ಮಿದುಳಿಗೆ ತಿಳಿಸುತ್ತವೆ. ಹೃದಯದ ಬಡಿತ ಹೆಚ್ಚುತ್ತದೆ, ರಕ್ತನಾಳಗಳು ಸಂಕುಚಿಸುತ್ತವೆ, ಮೂತ್ರಪಿಂಡಗಳು ಉಪ್ಪುನೀರನ್ನು ಹಿಡಿದಿಡುತ್ತವೆ. ಈ ಸರಪಳಿಯನ್ನು ಪುಸ್ತಕ ಮುಚ್ಚಿಟ್ಟು ಬರಿಯ ಹಾಳೆಯ ಮೇಲೆ ಬರೆಯಬೇಕು. ಎಲ್ಲಿ ಕೈ ನಿಂತಿತೋ ಅಲ್ಲಿಂದ ಮತ್ತೆ ಓದಬೇಕು. ಮೂರು ದಿನ ಬಿಟ್ಟು ಇನ್ನೊಮ್ಮೆ, ವಾರ ಬಿಟ್ಟು ಇನ್ನೊಮ್ಮೆ. ಗೆಳೆಯನೊಬ್ಬನಿಗೆ ಬಾಯಲ್ಲಿ ಹೇಳಿ ತೋರಿಸಿದರೆ ಇನ್ನೂ ಲೇಸು.

ಎಂಕ್ಯಾಟನ್ನು ಸೇರುವ ಮೊದಲೇ ಮುಗಿಸಿಕೊಂಡರೆ ನೆಮ್ಮದಿ. ಎರಡು ದೋಣಿಯ ಪಯಣ ಬೇಡ. ಅದೇ ವರ್ಷ ಅರ್ಜಿ ಹಾಕಿದವರ ವಿಷಯದಲ್ಲಿ ಕಾಲೇಜುಗಳು ನೋಡಲಾಗುವುದು ಹೆಚ್ಚಾಗಿ ಮೊದಲ ಅರ್ಧವರ್ಷದ ಫಲಿತಾಂಶವನ್ನೇ. ಆಮೇಲೆ ಸರಿಪಡಿಸಿಕೊಳ್ಳೋಣವೆಂಬ ಮಾತು ಇಲ್ಲಿ ನಡೆಯದು. ಮೊದಲ ಕಿರುಪರೀಕ್ಷೆ ಕೆಟ್ಟರೆ ಆ ವಾರವೇ ಅಧ್ಯಾಪಕರ ಕೋಣೆಯ ಬಾಗಿಲು ತಟ್ಟಬೇಕು. ನಮ್ಮ ಕಡೆಯಿಂದ ಹೋಗಿ ನೆಲೆಸಿದವರ ಮನೆಯ ಮಕ್ಕಳು ಕೆಲವರು ಇದಕ್ಕೆ ಸಂಕೋಚಪಡುವುದುಂಟು. ಅಲ್ಲಿನ ಅಧ್ಯಾಪಕರು ಅದಕ್ಕೆಂದೇ ಸಮಯ ಗೊತ್ತುಮಾಡಿ ಕುಳಿತಿರುತ್ತಾರೆ. ಮುಂದೆ ಶಿಫಾರಸು ಪತ್ರ ಬರೆಯಬೇಕಾದವರೂ ಅವರೇ.