ಬಿಲ್ಲು ಒಂದು ದಿನ, ಸಂಸಾರ ಹದಿನಾರು ತಿಂಗಳು

(ಅಕ್ಕಲಕೋಟ ತಾಲೂಕಿನ ಗಟ ಕಚೇರಿಯೊಂದರಲ್ಲಿ ನಡೆದ ಸಭಾಸದರ ಮೇಳಾವದಲ್ಲಿ ನಿವೃತ್ತ ಸೊಸೈಟಿ ಕಾರ್ಯದರ್ಶಿಯೊಬ್ಬರು ಮಾಡಿದ ಭಾಷಣ)



ಕಬ್ಬಿನ ತಳಿ, ಗೊಬ್ಬರ, ಹನಿ ನೀರಾವರಿ ಇವುಗಳ ಬಗ್ಗೆ ತಿಳಿದವರು ಈ ವೇದಿಕೆಯಿಂದ ಬಹಳ ಹೇಳಿದ್ದಾರೆ. ನಾನು ಕೃಷಿ ಪದವೀಧರನಲ್ಲ. ಮೂವತ್ತು ವರ್ಷ ಸೊಸೈಟಿಯ ಖಾತೆ ಬರೆದವನು. ಹೊಲದಲ್ಲಿ ಬೆಳೆದ ರೊಕ್ಕ ಮನೆಯಲ್ಲಿ ಎಷ್ಟು ದಿನ ನಿಲ್ಲುತ್ತದೆ ಎಂಬುದಷ್ಟೇ ನನಗೆ ಗೊತ್ತಿರುವ ವಿಷಯ.

ಶಾಲೆಯ ಮಾಸ್ತರರಿಗೆ ತಿಂಗಳಿಗೊಮ್ಮೆ ಪಗಾರ. ಡೇರಿಗೆ ಹಾಲು ಹಾಕುವವರಿಗೆ ಹತ್ತು ದಿನಕ್ಕೊಮ್ಮೆ ಲೆಕ್ಕ. ನಮಗೆ ಹಾಗಲ್ಲ. ಜುಲೈ-ಆಗಸ್ಟದಲ್ಲಿ ನಾಟಿ ಮಾಡಿದ ಅಡಸಾಲಿ ಕಬ್ಬು ಕಟಾವಿಗೆ ಬರಲು 16ರಿಂದ 18 ತಿಂಗಳು ಬೇಕು. ಸುರು ಕಬ್ಬಾದರೂ ಒಂದು ವರ್ಷ. ಅಷ್ಟು ದಿನ ಕಾಯ್ದು ಕುಳಿತ ಕೈಗೆ ಒಮ್ಮೆಲೇ ರೊಕ್ಕ ಬಂದಾಗ ಮನಸ್ಸು ಹಿಡಿತದಲ್ಲಿ ಉಳಿಯುವುದಿಲ್ಲ. ಇದು ಯಾರ ದೋಷವೂ ಅಲ್ಲ. ಆದರೆ ಅದರ ಪೆಟ್ಟು ಮಾತ್ರ ತಪ್ಪುವುದಿಲ್ಲ.

ನಮ್ಮ ಮನೆಯದನ್ನೇ ಹೇಳುತ್ತೇನೆ. 1980ರಲ್ಲಿ ನಾನು ಹತ್ತನೇ ಇಯತ್ತೆಯಲ್ಲಿದ್ದೆ. ನಮ್ಮಪ್ಪ ಕುಡಿಯುವವರಲ್ಲ, ಇಸ್ಪೀಟು ಮುಟ್ಟಿದವರಲ್ಲ. ಬಿಲ್ಲು ಬಂದ ವಾರದಲ್ಲಿ ಎಲ್ಲರಿಗೂ ಬಟ್ಟೆ, ಅಕ್ಕನಿಗೆ ಬಂಗಾರ, ಬಂದ ಬೀಗರಿಗೆ ಆಹೇರು, ದೇವರ ಹೆಸರಿನಲ್ಲಿ ಊರೂಟ. ಮೃಗಶಿರಾ ಮಳೆ ಬೀಳುವ ಹೊತ್ತಿಗೆ ಗೊಬ್ಬರಕ್ಕೆ ರೊಕ್ಕವಿಲ್ಲ. ಊರ ಸಾವಕಾರನ ಹತ್ತಿರ 3,000 ರೂಪಾಯಿ ತಂದರು, ತಿಂಗಳಿಗೆ ನೂರಕ್ಕೆ ಮೂರರಂತೆ. ಮೂರು ರೂಪಾಯಿ ಎಂದರೆ ಕೇಳುವುದಕ್ಕೆ ಏನೂ ಅನಿಸುವುದಿಲ್ಲ. ಆದರೆ ವರ್ಷಕ್ಕೆ ನೂರಕ್ಕೆ 36 ಆಯಿತು. ಮೂರು ವರ್ಷದಲ್ಲಿ ಬಡ್ಡಿಯೇ 3,240, ಅಸಲಿಗಿಂತ ಹೆಚ್ಚು. ನಡುವೆ ಅಕ್ಕನ ಲಗ್ನಕ್ಕೆಂದು ಮತ್ತೆ ಅಲ್ಲಿಯೇ ಕೈ ಚಾಚಿದರು. ಕೊನೆಗೆ ಬಾವಿಯ ಪಕ್ಕದ ಎರಡು ಎಕರೆ ಬರೆದುಕೊಡಬೇಕಾಯಿತು. ಇಂದಿಗೂ ನಾನು ಆ ಬದುವಿನ ಮೇಲೆ ಹಾಯ್ದು ನಮ್ಮ ಉಳಿದ ಹೊಲಕ್ಕೆ ಹೋಗುತ್ತೇನೆ.

ನಮ್ಮವ್ವ ಆಗ ಒಂದು ಮಾತು ಅನ್ನುತ್ತಿದ್ದಳು: "ಬಿಲ್ಲ ಬಂದ ದಿನಾ ನಮ್ಮ ಮನ್ಯಾಗ ಹಬ್ಬ, ಮುಂದ ಹನ್ನೊಂದ ತಿಂಗಳ ಏಕಾದಶಿ." ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಲೆಕ್ಕ ಮಾತ್ರ ಅಪ್ಪನಿಗಿಂತ ಚೆನ್ನಾಗಿ ಬರುತ್ತಿತ್ತು. ಆದರೆ ಅವಳನ್ನು ಕೇಳುವವರು ಯಾರೂ ಇರಲಿಲ್ಲ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಒಬ್ಬ ಸಭಾಸದನ ಕಬ್ಬು 100 ಟನ್ ಹೋಯಿತು ಎಂದು ಹಿಡಿಯಿರಿ. ಕಟಾವು, ಸಾಗಾಟ ಕಳೆದು ಟನ್ನಿಗೆ 2,800 ರೂಪಾಯಿ ಎಂದರೆ 2,80,000. ಅದರಲ್ಲಿ ಸೊಸೈಟಿಯ ಸಾಲ ಒಂದು ಲಕ್ಷ ಮುರಿದುಕೊಂಡರೆ ಖಾತೆಗೆ ಬೀಳುವುದು 1,80,000. ಇದನ್ನು ನೋಡಿ ಅವನು ಪೇಟೆಗೆ ಹೊರಡುತ್ತಾನೆ. ತುಸು ನಿಲ್ಲಿರಿ. ಮುಂದಿನ ಬೆಳೆಯ ಉಳುಮೆ, ಬೀಜ, ಗೊಬ್ಬರಕ್ಕೆ ಕೈಯಿಂದ ಹಾಕಬೇಕಾದದ್ದು 60,000 ತೆಗೆದಿಡಿರಿ. ಉಳಿದದ್ದು 1,20,000. ಸುರು ಕಬ್ಬಿನವನಾದರೆ ಹನ್ನೆರಡರಿಂದ ಭಾಗಿಸಿರಿ, ತಿಂಗಳಿಗೆ 10,000. ಅಡಸಾಲಿಯವನಾದರೆ ಹದಿನಾರರಿಂದ, ತಿಂಗಳಿಗೆ 7,500. ಅಂದರೆ ಲಕ್ಷಾಧೀಶನೆಂದು ಅಂಗಡಿಯ ಮೆಟ್ಟಿಲು ಹತ್ತುವ ಈ ಮನುಷ್ಯ ನಿಜವಾಗಿ ಏಳೂವರೆ ಸಾವಿರ ಪಗಾರದವನು. ನಿಮ್ಮ ಟನ್ನು, ನಿಮ್ಮ ಸಾಲ ಬೇರೆ ಇರಬಹುದು. ಅಂಕಿ ಬದಲಿಸಿ ನೀವೇ ಮಾಡಿ ನೋಡಿರಿ.

ಆದುದರಿಂದ ಬಿಲ್ಲು ಬಂದ ದಿನವೇ ಬೆಳೆಯ ರೊಕ್ಕವನ್ನು ಬೇಕಾಗುವ ತಿಂಗಳಿಗೆ ಮುಗಿಯುವಂತೆ ಬ್ಯಾಂಕಿನಲ್ಲಿ ಮುದ್ದತ ಠೇವಣಿ ಮಾಡಿರಿ. ಸಂಸಾರದ ರೊಕ್ಕವನ್ನು ಬೇರೆ ಖಾತೆಯಲ್ಲಿಟ್ಟು ಪ್ರತಿ ತಿಂಗಳ ಒಂದನೇ ತಾರೀಖಿಗೆ ನಿಮ್ಮ ಪಗಾರ ನೀವೇ ತೆಗೆದು ಮನೆಯವರ ಕೈಯಲ್ಲಿ ಕೊಡಿರಿ. ಆ ಖಾತೆ ಇಬ್ಬರ ಹೆಸರಿನಲ್ಲಿದ್ದರೆ ಇನ್ನೂ ಒಳ್ಳೆಯದು. ಎರಡನೇ ಕಂತು, ದೀಪಾವಳಿಯ ಕಂತು ಎಂದು ಇನ್ನೂ ಬರದ ರೊಕ್ಕದ ಮೇಲೆ ಖರೀದಿ ಮಾಡಬೇಡಿರಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನಗಳಲ್ಲಿ ಬಿಲ್ಲು ಸಂದಾಯವಾಗಬೇಕು, ತಡವಾದರೆ ಶೇಕಡಾ 15 ಬಡ್ಡಿ ಕೊಡಬೇಕು. ಕಾರಖಾನೆಯ ವೇದಿಕೆಯಲ್ಲಿ ನಿಂತು ಇದನ್ನು ಹೇಳುವುದಕ್ಕೆ ನನಗೆ ಸಂಕೋಚವಿಲ್ಲ, ಇದು ನಮ್ಮದೇ ಕಾರಖಾನೆ. ಆದರೆ ಕಾಯ್ದೆ ಪುಸ್ತಕದಲ್ಲಿದ್ದರೂ ಕಿರಾಣಿಯವನು ಪುಸ್ತಕ ನೋಡಿ ಅಕ್ಕಿ ಕೊಡುವುದಿಲ್ಲ.

ಇನ್ನು ಎಲ್ಲಿ ಇಡಬೇಕು ಎಂಬುದು. ಬ್ಯಾಂಕಿನಲ್ಲಿ, ಅದು ಸಹಕಾರಿ ಬ್ಯಾಂಕಾದರೂ ಸರಿ, ಒಬ್ಬ ಠೇವಣಿದಾರನಿಗೆ ಐದು ಲಕ್ಷದವರೆಗೆ ವಿಮೆ ಇದೆ. 2020ಕ್ಕೆ ಮೊದಲು ಒಂದೇ ಲಕ್ಷ ಇತ್ತು. ಪತಸಂಸ್ಥೆಗೆ ಈ ವಿಮೆ ಇಲ್ಲ. ಒಂದು ರೂಪಾಯಿ ಬಡ್ಡಿ ಹೆಚ್ಚು ಎಂಬ ಆಸೆಗೆ ವರ್ಷದ ಅನ್ನವನ್ನೆಲ್ಲ ಅಲ್ಲಿ ಇಡುವವರು ಇದನ್ನು ತಿಳಿದೇ ಇಡಬೇಕು. ಭಿಶಿ ಹಾಕುವ ತಾಯಂದಿರಿಗೂ ಇದೇ ಮಾತು: ಗುರುತಿನ ಹತ್ತು ಮನೆಯವರ ಭಿಶಿ ಬೇರೆ, ಪರಊರಿನವನು ಬಂದು ಕೂಡಿಸುವ ಭಿಶಿ ಬೇರೆ.

ಸಾಲ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಬೆಳೆಸಾಲ ವರ್ಷಕ್ಕೆ ಶೇಕಡಾ 7ರಂತೆ ಸಿಗುತ್ತದೆ. ಮೂರು ಲಕ್ಷದವರೆಗಿನ ಸಾಲವನ್ನು ಮುದ್ದತಿನೊಳಗೆ ಕಟ್ಟಿದರೆ ಅದರಲ್ಲಿ ಕೇಂದ್ರ ಸರಕಾರದ 3ರ ಸವಲತ್ತು ಉಂಟು. ಒಂದು ದಿನ ತಪ್ಪಿದರೂ ಸವಲತ್ತು ಹೋಗುತ್ತದೆ. ನನ್ನ ಮೇಜಿನ ಮುಂದೆ ಎಷ್ಟೋ ಜನ ಮುದ್ದತು ಮುಗಿದ ಮರುದಿನ ರೊಕ್ಕ ತಂದು ನಿಂತಿದ್ದಾರೆ. ಈ ಸಾಲವನ್ನು ಬಿಟ್ಟು ನೂರಕ್ಕೆ ಮೂರರ ಸಾಲಕ್ಕೆ ಹೋಗುವುದು ಏಕೆ? ಸಾವಕಾರ ಕಾಗದ ಕೇಳುವುದಿಲ್ಲ, ಅದಕ್ಕೆ. ಕೊಟ್ಟರೂ ಖಾಲಿ ಕಾಗದದ ಮೇಲೆ ಸಹಿ ಕೇಳುತ್ತಾನೆ. ಮಹಾರಾಷ್ಟ್ರದ 2014ರ ಕಾಯ್ದೆಯಂತೆ ಪರವಾನಗಿ ಇಲ್ಲದೆ ಬಡ್ಡಿ ವ್ಯವಹಾರ ಅಪರಾಧ. ತಕರಾರು ಸಹಕಾರ ಖಾತೆಯ ನಿಬಂಧಕರಲ್ಲಿ ಕೊಡಬಹುದು. ನಮ್ಮಪ್ಪನ ಕಾಲಕ್ಕೆ ಇದನ್ನು ಹೇಳಿಕೊಡುವವರಿರಲಿಲ್ಲ.

ಕಾಟಕಸರು ಎಂದರೆ ಹೊಟ್ಟೆ ಕಟ್ಟುವುದಲ್ಲ. ಮಕ್ಕಳ ಶಾಲೆಗೆ, ಔಷಧಕ್ಕೆ ಕೈ ಬಿಗಿಹಿಡಿಯಬೇಡಿರಿ. ಫೆಬ್ರುವರಿ-ಮಾರ್ಚದಲ್ಲಿ ಹಿಂಗಾರಿ ಜೋಳ ರಾಶಿಯಾಗುವಾಗ ಮಂಗಳವೇಢೆಯ ಕಡೆಯ ಬಿಳಿಜೋಳ ವರ್ಷಕ್ಕಾಗುವಷ್ಟು ಒಮ್ಮೆಲೇ ತಂದು, ಬಿಸಿಲಿಗೆ ಒಣಗಿಸಿ, ಬೇವಿನ ಎಲೆ ಹಾಕಿ ಇಟ್ಟುಬಿಟ್ಟರೆ ತಿಂಗಳ ಪಗಾರದಲ್ಲಿ ದೊಡ್ಡ ಖರ್ಚು ಇಳಿಯಿತು. ಹಿಂದಿನವರು ಹಗೇವು ಮಾಡುತ್ತಿದ್ದದ್ದು ಸುಮ್ಮನೆ ಅಲ್ಲ. ಕಿರಾಣಿ ಅಂಗಡಿಯಲ್ಲಿ ಒಮ್ಮೆ ನಗದಿನ ದರ, ಉಧಾರಿಯ ದರ ಎರಡನ್ನೂ ಕೇಳಿ ನೋಡಿರಿ. ಅಂಗಡಿಯವನು ನಕ್ಕು ಸುಮ್ಮನಾದರೆ ಉತ್ತರ ಸಿಕ್ಕಿತು ಎಂದು ತಿಳಿಯಿರಿ.

ಲಗ್ನದ ಮಾತು ಎತ್ತಿದರೆ ಕೆಲವರಿಗೆ ಸಿಟ್ಟು ಬರುತ್ತದೆ, ಗೊತ್ತು. ಅಕ್ಕನ ಲಗ್ನದಲ್ಲಿ ಐದು ನೂರು ಜನ ಉಂಡರು. ಎರಡು ಎಕರೆ ಹೋದ ದಿನ ಅವರಲ್ಲಿ ಒಬ್ಬರೂ ಬಂದಿರಲಿಲ್ಲ. ಅಕ್ಕ ಮಾತ್ರ ಬಂದಿದ್ದಳು. ಬಂಗಾರ ಬಿಚ್ಚಿ ಅಪ್ಪನ ಮುಂದೆ ಇಟ್ಟಳು. ಆಗ ಕಾಗದ ಆಗಿಹೋಗಿತ್ತು.

ಬಾಗಿಲ ಹತ್ತಿರದ ಮೇಜಿನ ಮೇಲೆ ಹದಿನಾರು ಮನೆಗಳ ಕೋಷ್ಟಕದ ಕಾಗದ ಇಟ್ಟಿದ್ದೇನೆ. ಮನೆಗೊಂದು ತೆಗೆದುಕೊಳ್ಳಿರಿ. ಕಳೆದ ಬಿಲ್ಲಿನ ಚೀಟಿ ತಂದವರು ಇಲ್ಲಿಯೇ ಕುಳಿತು ತುಂಬೋಣ, ಚಹಾ ಬರುತ್ತಿದೆ.