ಉಳಿದ ಮರಿಯೇ ಲಾಭ



ಗೌರಸಮುದ್ರ ಮಾರಮ್ಮನ ಜಾತ್ರೆಗೆ ಜನಸಾಗರ ಸೇರುವ ಊರು. ಈರುಳ್ಳಿ ಬೆಳೆದವರು ಈರುಳ್ಳಿಯನ್ನೇ ತೂರಿ ಹರಕೆ ತೀರಿಸುತ್ತಾರೆ. ಬೆಳೆಗೆ ರೋಗ ತಗಲದಿರಲಿ, ಮಂದೆಗೆ ಕೇಡು ಬಾರದಿರಲಿ ಎಂದು ತಲೆಮಾರುಗಳಿಂದ ಬೇಡಿಕೊಂಡು ಬಂದ ಈ ಜಾಗದಲ್ಲಿ ಕುರಿ ಮೇಳ ಇಟ್ಟುಕೊಂಡಿದ್ದೀರಿ. ಇದಕ್ಕಿಂತ ತಕ್ಕ ಜಾಗ ನನಗಂತೂ ತೋಚುವುದಿಲ್ಲ.

2019ರ ಜಾನುವಾರು ಗಣತಿಯ ಪ್ರಕಾರ ನಮ್ಮ ರಾಜ್ಯದಲ್ಲಿ ಸುಮಾರು 1.11 ಕೋಟಿ ಕುರಿಗಳಿವೆ. ದೇಶದಲ್ಲಿ ತೆಲಂಗಾಣ, ಆಂಧ್ರಪ್ರದೇಶದ ನಂತರ ನಮ್ಮದೇ ಸ್ಥಾನ. ವರ್ಷಕ್ಕೆ 500 ಮಿಲಿಮೀಟರ್ ಮಳೆಯಾದರೆ ದೊಡ್ಡದು ಎನ್ನುವ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಶೇಂಗಾ ಕೈಕೊಟ್ಟ ವರ್ಷ ಮನೆಯ ಮದುವೆ, ಮಕ್ಕಳ ಓದು, ಬ್ಯಾಂಕಿನ ಕಂತು ಎಲ್ಲವನ್ನೂ ಕುರಿಯೇ ದಾಟಿಸಿದೆ. ಇದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಈಗ ಹೊಸಬರು ಬರುತ್ತಿದ್ದಾರೆ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಮರಳಿದ ಹುಡುಗರು ನನ್ನ ಹತ್ತಿರ ಬಂದು, “ಸಾರ್, ನೂರು ಕುರಿ ಕಟ್ಟಿದರೆ ವರ್ಷಕ್ಕೆ ಎಷ್ಟು ಸಿಗುತ್ತದೆ?” ಎಂದು ಕೇಳುತ್ತಾರೆ. ಎಷ್ಟು ಕುರಿ ಕಟ್ಟಿದಿರಿ ಎಂಬುದರಿಂದ ಲಾಭ ತಿಳಿಯುವುದಿಲ್ಲ, ಎಷ್ಟು ಮರಿ ಉಳಿಸಿಕೊಂಡಿರಿ ಎಂಬುದರಿಂದ ತಿಳಿಯುತ್ತದೆ. ಇವತ್ತು ಇದೊಂದೇ ಮಾತನ್ನು ಹೇಳಬೇಕೆಂದು ಬಂದಿದ್ದೇನೆ.

ಲೆಕ್ಕ ಹಾಕಿ ನೋಡೋಣ. ಒಂದು ಹಿಂಡಿನಲ್ಲಿ 50 ಹೆಣ್ಣು ಕುರಿ ಇವೆ, ವರ್ಷಕ್ಕೆ 45 ಮರಿ ಹುಟ್ಟಿದವು ಎಂದಿಟ್ಟುಕೊಳ್ಳಿ. ಅದರಲ್ಲಿ 15 ಸತ್ತವು. ಮಿಕ್ಕ 30ರಲ್ಲಿ ಮುದಿ ಕುರಿಗಳ ಜಾಗ ತುಂಬಲು 10 ಹೆಣ್ಣುಮರಿ ಇಟ್ಟುಕೊಳ್ಳಲೇಬೇಕು. ಮಾರಲು ಸಿಕ್ಕಿದ್ದು 20. ಅದೇ ಹಿಂಡಿನಲ್ಲಿ 5 ಮರಿ ಮಾತ್ರ ಸತ್ತಿದ್ದರೆ ಮಾರಲು 30 ಸಿಗುತ್ತಿದ್ದವು. ಕುರಿ ಅಷ್ಟೇ, ಕಾಯುವವನು ಅವನೇ, ನಡೆದ ದಾರಿಯೂ ಅದೇ, ಆದರೆ ಆದಾಯ ಒಂದೂವರೆ ಪಟ್ಟು. ಹೊಸ ತಳಿ ತಂದರೂ, ದೊಡ್ಡ ಶೆಡ್ ಕಟ್ಟಿದರೂ ಇಷ್ಟು ಹೆಚ್ಚುವರಿ ಸಿಗುವುದು ಕಷ್ಟ.

ಮರಿ ಉಳಿಸುವ ಕೆಲಸ ಮರಿ ಹುಟ್ಟಿದ ಮೇಲೆ ಶುರುವಾಗುವುದಲ್ಲ. ಕುರಿ ಗಬ್ಬ ಹೊರುವುದು 5 ತಿಂಗಳು. ಹೊಟ್ಟೆಯೊಳಗಿನ ಮರಿ ಬಹುಪಾಲು ಬೆಳೆಯುವುದು ಕೊನೆಯ 6 ವಾರಗಳಲ್ಲಿ. ಮುಂಗಾರಿನ ಹೊತ್ತಿಗೆ ಟಗರು ಹತ್ತಿದ ಕುರಿ ಚಳಿಗಾಲಕ್ಕೆ ಈಯುತ್ತದೆ. ಮಳೆ ಬೇಗ ಹಿಂದೆಗೆದ ವರ್ಷ ಅಷ್ಟರಲ್ಲಿ ಬಯಲಿನ ಹುಲ್ಲು ಒಣಗಿರುತ್ತದೆ. ಸರಿಯಾಗಿ ಆ 6 ವಾರಗಳಲ್ಲೇ ತಾಯಿಕುರಿ ಅರೆಹೊಟ್ಟೆಯಲ್ಲಿ ಮೈಲಿಗಟ್ಟಲೆ ನಡೆದರೆ ಹುಟ್ಟುವ ಮರಿ ಎದ್ದು ನಿಲ್ಲುವುದಿಲ್ಲ, ತಾಯಿಗೆ ಹಾಲಿರುವುದಿಲ್ಲ. ಸಂಜೆ ರೊಪ್ಪಕ್ಕೆ ಬಂದ ಮೇಲೆ ಗಬ್ಬದ ಕುರಿಗಳನ್ನಷ್ಟೇ ಬೇರೆ ಮಾಡಿ ಒಂದೊಂದಕ್ಕೆ ಒಂದು ಹಿಡಿ ಜೋಳವೋ ಮೆಕ್ಕೆಜೋಳವೋ, ಅದರ ಜೊತೆಗೆ ಶೇಂಗಾ ಹೊಟ್ಟು ಹಾಕಿ. ನಮ್ಮ ಸೀಮೆಯಲ್ಲಿ ಶೇಂಗಾ ಹೊಟ್ಟಿಗೆ ಕೊರತೆ ಇಲ್ಲ. ಸುಗ್ಗಿಯಲ್ಲಿ ಅದನ್ನು ಅಗ್ಗಕ್ಕೆ ಮಾರಿ, ಬೇಸಿಗೆಯಲ್ಲಿ ದುಪ್ಪಟ್ಟು ಕೊಟ್ಟು ಕೊಳ್ಳುವವರನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ.

ಈದ ಮೇಲೆ ಮೊದಲ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಮರಿಯ ಹೊಟ್ಟೆ ಸೇರಬೇಕು. ಕರು, ಕುರಿಮರಿಗಳು ರೋಗ ತಡೆಯುವ ಶಕ್ತಿಯನ್ನು ಹುಟ್ಟುವಾಗ ತಾಯಿಯ ರಕ್ತದಿಂದ ಪಡೆದುಕೊಂಡು ಬರುವುದಿಲ್ಲ, ಅದು ಗಿಣ್ಣಿನಿಂದಲೇ ಬರಬೇಕು. ಹೊತ್ತು ಕಳೆದಂತೆ ಮರಿಯ ಕರುಳು ಅದನ್ನು ಹೀರಿಕೊಳ್ಳುವುದು ಕಡಿಮೆಯಾಗಿ, ಒಂದು ದಿನದೊಳಗೆ ನಿಂತೇ ಹೋಗುತ್ತದೆ. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಮುಟ್ಟಿಸಿ, ಮರಿಯನ್ನು ಒಣ ನೆಲದಲ್ಲಿ ಬೆಚ್ಚಗಿಡಿ. ಇಷ್ಟನ್ನು ತಪ್ಪದೆ ಮಾಡಿದರೆ ಮೊದಲ ವಾರದ ಸಾವು ಎಷ್ಟೋ ಇಳಿಯುತ್ತದೆ. ನಮ್ಮ ಹಟ್ಟಿಗಳಲ್ಲಿ ಈ ಕೆಲಸ ಮಾಡುವವರು ಹೆಣ್ಣುಮಕ್ಕಳು. ಗಂಡಸರು ಹಿಂಡಿನೊಂದಿಗೆ ಹೋದ ಮೇಲೆ ಎಳೆ ಮರಿಗಳಿಗೆ ಸೊಪ್ಪು ಕಟ್ಟುವವರು, ತಾಯಿ ಒದ್ದು ದೂಡಿದ ಮರಿಗೆ ಬೇರೆ ಕುರಿಯ ಹಾಲು ಕುಡಿಸುವವರು ಅವರೇ. ಆದರೆ ಕುರಿ ಸಾಕಣೆಯ ತರಬೇತಿಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುವವರು ಗಂಡಸರು. ಇವತ್ತು ಮಧ್ಯಾಹ್ನದ ತರಬೇತಿಯಲ್ಲಿ ದಯವಿಟ್ಟು ಅಕ್ಕಂದಿರನ್ನು ಮುಂದೆ ಕೂರಿಸಿ.

ಇನ್ನು ರೋಗದ ಮಾತು. ಮೊದಲ ಮಳೆ ಬಿದ್ದು ಹಸಿರು ಚಿಗುರಿದ ಕೂಡಲೇ ಹಿಂಡು ಆಸೆಯಿಂದ ಮೇಯುತ್ತದೆ. ಮಾರನೆಯ ದಿನ ಬೆಳಗ್ಗೆ ರೊಪ್ಪದಲ್ಲಿ ದಷ್ಟಪುಷ್ಟವಾದ ಮರಿಯೇ ಸತ್ತು ಬಿದ್ದಿರುತ್ತದೆ. ಮಾಟ, ಕಣ್ಣುದೃಷ್ಟಿ ಎಂದು ಮರುಗಿದವರು ಎಷ್ಟೋ ಜನ. ಅದು ಕರುಳು ಬೇನೆ. ಕುರಿಯ ಕರುಳಿನಲ್ಲೇ ಇರುವ ಒಂದು ಸೂಕ್ಷ್ಮಜೀವಿ, ಮೇವು ಒಮ್ಮೆಲೇ ಬದಲಾಗಿ ಹೊಟ್ಟೆಗೆ ಹೆಚ್ಚಾದಾಗ ಮಿತಿಮೀರಿ ಬೆಳೆದು ವಿಷ ಕಾರುತ್ತದೆ. ಹೆಚ್ಚು ತಿನ್ನುವುದು ಗಟ್ಟಿಮುಟ್ಟಾದ ಮರಿ, ಆದ್ದರಿಂದ ಮೊದಲು ಸಾಯುವುದೂ ಅದೇ. ಇದಕ್ಕೆ ಮುಂಗಾರಿಗೆ ಮೊದಲೇ ಲಸಿಕೆ ಹಾಕಿಸಬೇಕು. ಮರಿಗಳಿಗೆ ಎರಡು ಮೂರು ವಾರ ಬಿಟ್ಟು ಇನ್ನೊಂದು ಸಲ ಹಾಕಿಸಬೇಕು. ಮಳೆ ಬಿದ್ದ ಮೇಲೆ ಆಸ್ಪತ್ರೆಗೆ ಓಡಿಬಂದರೆ ತಡವಾಗಿಹೋಗಿರುತ್ತದೆ. ಇನ್ನೊಂದು ಅಪಾಯ ಜೋಳದ ಹೊಲ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದಲ್ಲಿ, ಕೊಯ್ದ ಮೇಲೆ ಮತ್ತೆ ಚಿಗುರಿದ ಕೂಳೆಯಲ್ಲಿ ಸಯನೈಡ್ ವಿಷ ಇರುತ್ತದೆ. ಅಂಥ ಹೊಲಕ್ಕೆ ಹಿಂಡು ನುಗ್ಗಿದರೆ ಕಣ್ಣೆದುರೇ ಉರುಳುತ್ತವೆ.

ಪಿಪಿಆರ್, ನಿಮ್ಮ ಬಾಯಲ್ಲಿ ಹಿರೇಬೇನೆ, ಕರುಳು ಬೇನೆಗಿಂತ ಬೇರೆ ಬಗೆಯದು. ಇದು ಹಿಂಡಿನಿಂದ ಹಿಂಡಿಗೆ ಹಬ್ಬುತ್ತದೆ. ಒಂದು ಲಸಿಕೆ ಕನಿಷ್ಠ 3 ವರ್ಷ ಕಾಪಾಡುತ್ತದೆ. ದನಗಳ ದೊಡ್ಡರೋಗವನ್ನು 2011ರಲ್ಲಿ ಜಗತ್ತಿನಿಂದಲೇ ಅಳಿಸಿಹಾಕಿದ್ದು ಲಸಿಕೆಯ ಬಲದಿಂದ. ಪಿಪಿಆರ್ ಅನ್ನು 2030ರೊಳಗೆ ಹಾಗೆಯೇ ಅಳಿಸಬೇಕೆಂದು ಜಗತ್ತಿನ ದೇಶಗಳು ಗುರಿ ಇಟ್ಟುಕೊಂಡಿವೆ. ಅದು ಗೌರಸಮುದ್ರದಲ್ಲಿ ಆಗಬೇಕಾದರೆ ಊರಿನ ಎಲ್ಲ ಹಿಂಡಿಗೂ ಲಸಿಕೆ ಬೀಳಬೇಕು. ವಲಸೆ ಹೋದ ಹಿಂಡನ್ನು ಬಿಟ್ಟು ಉಳಿದವಕ್ಕೆ ಹಾಕಿದರೆ, ಹೊರಗಿನಿಂದ ಬಂದ ಹಿಂಡು ರೋಗವನ್ನೂ ಹೊತ್ತು ತರುತ್ತದೆ. ವಲಸೆ ಹೊರಡುವ ಮುಂಚೆಯೇ ಲಸಿಕೆ ಹಾಕುವಂತೆ ಇಲಾಖೆಯವರು ದಿನ ಗೊತ್ತು ಮಾಡಿಕೊಳ್ಳಬೇಕೆಂದು ಇಲ್ಲಿರುವ ಅಧಿಕಾರಿಗಳನ್ನು ಕೇಳಿಕೊಳ್ಳುತ್ತೇನೆ. ಹಾಗೆಯೇ ಕುರಿ ಆಕಸ್ಮಿಕವಾಗಿ ಸತ್ತರೆ ಅನುಗ್ರಹ ಯೋಜನೆಯ ಪರಿಹಾರಕ್ಕೆ ಪಶುವೈದ್ಯರ ಮರಣೋತ್ತರ ಪರೀಕ್ಷೆಯ ವರದಿ ಬೇಕು. ಹೂಳಿದ ಮೇಲೆ ಬಂದು ಕೇಳಿದರೆ ಯಾರೂ ಏನೂ ಮಾಡಲಾಗದು.

ಈಗ ಹೊಸಬರಿಗೆ ನಾಲ್ಕು ಮಾತು. ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ 500 ಹೆಣ್ಣು, 25 ಗಂಡು ಕುರಿಗಳ ಘಟಕಕ್ಕೆ 50 ಲಕ್ಷ ರೂಪಾಯಿವರೆಗೆ ಸಹಾಯಧನ ಇದೆ. ಇದನ್ನು ಕೇಳಿದವರು ಮೊದಲು ಮಾಡುವ ಕೆಲಸ ಕಬ್ಬಿಣದ ಕಂಬದ ಮೇಲೆ ಅಟ್ಟಣಿಗೆಯ ಶೆಡ್ ಕಟ್ಟುವುದು. ಆಮೇಲೆ ಸಂತೆಗೆ ಹೋಗಿ ಹತ್ತು ಊರಿನ ಕುರಿಗಳನ್ನು ಒಂದೇ ಲಾರಿಯಲ್ಲಿ ತುಂಬಿ ತರುವುದು. ಯಾವ ಕುರಿ ಯಾವ ರೋಗ ಹೊತ್ತಿದೆಯೋ ಗೊತ್ತಿಲ್ಲ. ಬಯಲಲ್ಲಿ ನಡೆದು ಬೆಳೆದ ಪ್ರಾಣಿ ಕಟ್ಟಿಹಾಕಿದ ಕೂಡಲೇ ಕುಗ್ಗುತ್ತದೆ. ಹೊಲದಲ್ಲಿ ಮೇವಿಲ್ಲ. ತಿಂಗಳೊಳಗೆ ಸಾವು ಶುರುವಾಗುತ್ತದೆ, ವರ್ಷದೊಳಗೆ ಶೆಡ್ ಖಾಲಿ, ಸಾಲ ಮಾತ್ರ ಉಳಿಯುತ್ತದೆ. ಅಂಥ ಖಾಲಿ ಶೆಡ್ಡುಗಳನ್ನು ನಮ್ಮ ತಾಲ್ಲೂಕುಗಳಲ್ಲೇ ನೋಡುತ್ತಿದ್ದೇನೆ, ಆ ಹುಡುಗರ ಮುಖ ನೆನೆದರೆ ಸಂಕಟವಾಗುತ್ತದೆ. ಮೂವತ್ತು ಕಿಲೋದ ಕುರಿಗೆ ದಿನಕ್ಕೆ ಒಂದು ಕಿಲೋದಷ್ಟು ಒಣ ಮೇವಿನ ಸತ್ವ ಬೇಕು. ಅದನ್ನು ಕುರಿಯ ಸಂಖ್ಯೆಯಿಂದಲೂ 365ರಿಂದಲೂ ಗುಣಿಸಿ. ಅಷ್ಟು ಮೇವು ನಿಮ್ಮ ಹೊಲ, ಬದು, ಬಣವೆಗಳಿಂದ ಬರುತ್ತದೆಯೇ ಎಂದು ನೋಡಿದ ಮೇಲೆ ಕುರಿ ಕೊಳ್ಳಿ. ಬದುವಿನಲ್ಲಿ ಅಗಸೆ, ಸುಬಾಬುಲ್ ನೆಡಿ. ಜಾಲಿಯ ಕಾಯಿ ಆರಿಸಿ ಒಣಗಿಸಿಡಿ. ಹತ್ತಿಪ್ಪತ್ತು ಕುರಿಗಳಿಂದ ಶುರುಮಾಡಿ, ಗೊತ್ತಿರುವ ಕುರಿಗಾರನ ಹಿಂಡಿನಿಂದಲೇ ತನ್ನಿ, ತಂದವನ್ನು ಎರಡು ಮೂರು ವಾರ ಬೇರೆ ಇಟ್ಟು ಹಿಂಡಿಗೆ ಸೇರಿಸಿ.

ತಳಿಯ ವಿಚಾರ ಬಹಳ ಜನ ಕೇಳುತ್ತಾರೆ. ಮಹಾರಾಷ್ಟ್ರದ ಫಲ್ಟಣದಲ್ಲಿ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಸುಂದರಬನದ ಗರೋಲ್ ಕುರಿಯ ಅವಳಿ ಮರಿ ಹಾಕುವ ಗುಣವನ್ನು ನಮ್ಮ ಡೆಕ್ಕನಿ ಕುರಿಗೆ ತಂದು ‘ನಾರಿ ಸುವರ್ಣ’ ಬೆಳೆಸಿದರು. ದೊಡ್ಡ ಕೆಲಸ ಅದು. ಆದರೆ ಅವಳಿ ಹಾಕುವ ಕುರಿಗೆ ಎರಡು ಮರಿ ಸಾಕುವಷ್ಟು ಮೇವು ಬೇಕು. ಒಂದು ಮರಿಯನ್ನೇ ಉಳಿಸಿಕೊಳ್ಳಲಾಗದ ಹಿಂಡಿಗೆ ಅವಳಿ ಬಂದರೆ ಎರಡೂ ಹೋಗುತ್ತವೆ. ನಮ್ಮ ಕರಿಕುರಿ ಬಿಸಿಲಿಗೂ ನಡಿಗೆಗೂ ಬರಗಾಲಕ್ಕೂ ಒಗ್ಗಿದ್ದು. ಅದರೊಳಗೇ ಒಳ್ಳೆಯ ತಾಯಿಯ ಮರಿಯನ್ನು ಟಗರಿಗೆ ಬಿಡಿ, 25-30 ಕುರಿಗೆ ಒಂದು ಟಗರು ಸಾಕು, ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಿ. ಚಳ್ಳಕೆರೆಗೆ ಹೆಸರು ತಂದ ಕಂಬಳಿ ಇದೇ ಕುರಿಯದು. ಇವತ್ತು ಉಣ್ಣೆಯ ಬೆಲೆ ಕತ್ತರಿಸುವ ಕೂಲಿಗೂ ಸಾಲುತ್ತಿಲ್ಲ ಎಂದು ಕುರಿಗಾರರು ಹೇಳುವುದು ನಿಜ. ನೂಲುವ ಕೈಗಳೂ ಮಗ್ಗಗಳೂ ಉಳಿಯಬೇಕಾದರೆ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮ ಉಣ್ಣೆ ಕೊಳ್ಳುವ ಹೊಣೆಯನ್ನೂ ಹೊರಬೇಕು.

ಕಾವಲಿನ ಮಾತನ್ನು ಬಿಟ್ಟು ಈ ನೆಲದಲ್ಲಿ ಕುರಿಯ ಮಾತು ಆಡಲಾಗುವುದಿಲ್ಲ. ಖುದಾಪುರ, ವರವು, ದೊಡ್ಡಉಳ್ಳಾರ್ತಿಯ ಅಮೃತಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆ ಈಗ ಬೇಲಿಯೊಳಗಿದೆ. ಅಲ್ಲಿ ದೇಶದ ದೊಡ್ಡ ವಿಜ್ಞಾನ ಸಂಸ್ಥೆಗಳು, ರಕ್ಷಣಾ ಸಂಸ್ಥೆಗಳು ಬಂದಿವೆ. ವಿಜ್ಞಾನ ಬೇಕು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ತಲೆಮಾರುಗಳು ಮೇಯಿಸಿದ ಆ ಬಯಲಿನ ಹುಲ್ಲಿಗೆ ಬದಲಿ ಎಲ್ಲಿಂದ ಬರುತ್ತದೆ ಎಂದು ಕುರಿಗಾರರು ಕೇಳಿದ ಪ್ರಶ್ನೆ ನ್ಯಾಯವಾದದ್ದು. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷವೆಂದು ಘೋಷಿಸಿದೆ. ಉಳಿದಿರುವ ಗೋಮಾಳ, ಕಾವಲುಗಳ ಗಡಿ ಗುರುತಿಸಿ, ಬಳ್ಳಾರಿ ಜಾಲಿ ಕಿತ್ತು, ಸರದಿಯ ಮೇಲೆ ಮೇಯಿಸುವ ಕಟ್ಟುಪಾಡನ್ನು ಪಂಚಾಯಿತಿಗಳು ಈಗಲಾದರೂ ಮಾಡಿಕೊಳ್ಳಬೇಕು.

ಕೊನೆಗೆ ಮೇಳದ ಸಮಿತಿಯವರಿಗೆ ಒಂದು ಬೇಡಿಕೆ. ಯಲಗಟ್ಟೆ ಗೊಲ್ಲರಹಟ್ಟಿಯ ಜನಪದ ಗಾಯಕಿ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಸಾವಿರಾರು ಪದಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದವರು. ನಮ್ಮ ಹಳೆಯ ಕುರಿಗಾರರೂ ಯಾವ ಕುರಿ ಯಾರ ಮಗಳು, ಎಷ್ಟು ಸಲ ಈದಿದೆ, ಎಷ್ಟು ಮರಿ ಉಳಿಸಿದೆ ಎಂಬುದನ್ನೆಲ್ಲ ಬಾಯಲ್ಲೇ ಹೇಳುತ್ತಾರೆ. ಹೊಸಬರಿಗೆ ಆ ನೆನಪಿಲ್ಲ, ಅವರು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಪ್ರತಿ ಮೇಳದಲ್ಲೂ ಮೊದಲ ಬಹುಮಾನ ಅತಿ ಹೆಚ್ಚು ತೂಗುವ ಟಗರಿಗೆ ಹೋಗುತ್ತದೆ. ಅದು ಇರಲಿ, ಟಗರು ನೋಡಲು ಚಂದ. ಮುಂದಿನ ವರ್ಷದಿಂದ ಅಷ್ಟೇ ಮೊತ್ತದ ಇನ್ನೊಂದು ಬಹುಮಾನವನ್ನು, ಹುಟ್ಟಿದ ಮರಿಗಳಲ್ಲಿ ಅತಿ ಹೆಚ್ಚು ಪಾಲನ್ನು ಉಳಿಸಿಕೊಂಡ ಹಿಂಡಿಗೆ ಕೊಡಿ, ಅದನ್ನು ಆ ಮನೆಯ ಹೆಣ್ಣುಮಗಳ ಕೈಗೆ ಕೊಡಿ. ಲೆಕ್ಕದ ಪುಸ್ತಕ ನೋಡಿ ತೀರ್ಪು ಹೇಳಲು ನಾನು ನನ್ನ ಖರ್ಚಿನಲ್ಲೇ ಬರುತ್ತೇನೆ.

ಹೊರಡುವ ಮುಂಚೆ ಇನ್ನೊಂದು ಮಾತು: ಜಂತು ಇದೆಯೇ ಎಂದು ನೋಡಲು ಪಶುವೈದ್ಯರ ಮಳಿಗೆಯಲ್ಲಿ ಇವತ್ತಿಡೀ ಹಿಕ್ಕೆ ಪರೀಕ್ಷೆ ಇದೆ. ಜಂತಿನ ಔಷಧಿಯನ್ನು ಕಣ್ಣುಮುಚ್ಚಿ ಮೇಲಿಂದ ಮೇಲೆ ಕುಡಿಸಿದರೆ ಜಂತು ಅದಕ್ಕೆ ಒಗ್ಗಿಕೊಳ್ಳುತ್ತದೆ. ಆದ್ದರಿಂದ ನಿಮ್ಮ ಹಿಂಡಿನ ಹಿಕ್ಕೆಯನ್ನು ಪೊಟ್ಟಣದಲ್ಲಿ ತಂದು ಪರೀಕ್ಷೆ ಮಾಡಿಸಿಕೊಂಡೇ ಮನೆಗೆ ಹೋಗಿ. ಗೌರಸಮುದ್ರದ ಈ ಕುರಿ ಮೇಳವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ.